ಅಮ್ಮನಿಗೆ ಡಿ. ಅಂಡ್ ಸಿ.: ಮನೆಮಂದಿ ತಿಳಿದಿರಬೇಕಾದದ್ದು

ಗರ್ಭಕೋಶಕ್ಕೆ ಸಂಬಂಧಿಸಿದ ಶಸ್ತ್ರಕ್ರಿಯೆಗಳಲ್ಲಿ ಚಿಕ್ಕದೂ ಸರ್ವೇಸಾಮಾನ್ಯವೂ ಆದದ್ದು ಡಿ. ಅಂಡ್ ಸಿ. ‘ಡೈಲಟೇಷನ್ ಅಂಡ್ ಕ್ಯೂರೆಟೇಜ್’ ಎಂಬ ಅದರ ಪೂರ್ಣ ಹೆಸರನ್ನು ಹೇಳುವವರು ವೈದ್ಯರು ಮಾತ್ರ. ನಮ್ಮ ಮನೆಗಳಲ್ಲಿ ಅದು ‘ಕ್ಲೀನಿಂಗ್’. ‘ಕ್ಲೀನ್ ಮಾಡಿಸಬೇಕಂತೆ’ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ತಗ್ಗಿದ ದನಿಯಲ್ಲಿ ಹೇಳುವುದೇ ಹೆಚ್ಚು. ಕಾಲೇಜಿಗೆ ಹೋಗುವ ಮಗಳ ಕಿವಿಗೆ ಅದು ಅರ್ಧ ಬೀಳುತ್ತದೆ. ಮಗನಿಗೆ ಅದೂ ಇಲ್ಲ. ‘ಅಮ್ಮನಿಗೆ ಹುಷಾರಿಲ್ಲ, ಎರಡು ದಿನ ಹೋಟೆಲಿನಲ್ಲಿ ಊಟ ಮಾಡಿಕೋ’ ಎಂಬಲ್ಲಿಗೆ ಅವನ ಪಾಲಿನ ಮಾಹಿತಿ ಮುಗಿಯುತ್ತದೆ.

ಅರ್ಧ ಗೊತ್ತಾದ ಸಂಗತಿ ಗೊತ್ತಿಲ್ಲದ ಸಂಗತಿಗಿಂತ ಹೆಚ್ಚು ಹೆದರಿಸುತ್ತದೆ. ಒಬ್ಬರು ಕ್ಯಾನ್ಸರ್ ಇರಬಹುದೆಂದು ಊಹಿಸುತ್ತಾರೆ. ಇನ್ನೊಬ್ಬರು ಗರ್ಭಕೋಶವನ್ನೇ ತೆಗೆದುಹಾಕುತ್ತಾರೆಂದು ತಿಳಿಯುತ್ತಾರೆ. ಗರ್ಭಪಾತಕ್ಕೂ ಇದೇ ಹೆಸರು ಬಳಕೆಯಲ್ಲಿದ್ದುದರಿಂದ ‘ಯಾರಾದರೂ ಏನಾದರೂ ಅಂದುಕೊಂಡಾರು’ ಎಂಬ ಅಂಜಿಕೆ ಬೇರೆ. ವಿಧವೆಯರು, ಮದುವೆಯಾಗದ ಹೆಂಗಸರು ಆಸ್ಪತ್ರೆಯ ಮೆಟ್ಟಿಲು ಹತ್ತಲು ಹಿಂಜರಿಯುವುದಕ್ಕೆ ಈ ಅಂಜಿಕೆಯೂ ಒಂದು ಕಾರಣ.

ಮೊದಲು ತಿಳಿಯಬೇಕಾದ ಮಾತೆಂದರೆ, ಗರ್ಭಕೋಶದಲ್ಲಿ ತೊಳೆದು ತೆಗೆಯಬೇಕಾದ ಕೊಳೆ ಏನೂ ಇರುವುದಿಲ್ಲ. ಗರ್ಭಕೋಶದ ಒಳಪದರವನ್ನು ಕೆರೆದು ತೆಗೆದು, ಅದನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರಕ್ತಸ್ರಾವಕ್ಕೆ ಕಾರಣವೇನೆಂದು ತಿಳಿಯುವುದೇ ಈ ಶಸ್ತ್ರಕ್ರಿಯೆಯ ಮುಖ್ಯ ಉದ್ದೇಶ. ಗರ್ಭಕೋಶ ಇದ್ದಲ್ಲೇ ಇರುತ್ತದೆ. ಹೊಟ್ಟೆಯ ಮೇಲೆ ಗಾಯವಿಲ್ಲ, ಹೊಲಿಗೆಯಿಲ್ಲ. ಈ ಶಸ್ತ್ರಕ್ರಿಯೆಯ ನಿಜವಾದ ಫಲ ಕೈಗೆ ಬರುವುದು ಸುಮಾರು ಒಂದು ವಾರದ ನಂತರ, ಪ್ರಯೋಗಾಲಯದ ವರದಿಯ ರೂಪದಲ್ಲಿ. ಅನೇಕ ಮನೆಗಳಲ್ಲಿ ಮರೆತುಹೋಗುವುದೂ ಅದೇ.

ಒಳಪದರದ ಕಥೆ

ಪ್ರೌಢಶಾಲೆಯ ಜೀವಶಾಸ್ತ್ರದ ಪಾಠವನ್ನು ಇಲ್ಲಿ ಸ್ವಲ್ಪ ನೆನಪಿಸಿಕೊಳ್ಳಬೇಕು. ಗರ್ಭಕೋಶ ತಲೆಕೆಳಗಾಗಿ ಹಿಡಿದ ಸೀಬೆಹಣ್ಣಿನ ಆಕಾರದ್ದು. ಉದ್ದ ಸುಮಾರು 7ರಿಂದ 8 ಸೆಂಟಿಮೀಟರ್. ಗೋಡೆ ದಪ್ಪನೆಯ ಸ್ನಾಯುವಿನದು. ಅದರ ಒಳಮೈಗೆ ಮೃದುವಾದ ಪದರವಿದೆ. ಪ್ರತಿ ತಿಂಗಳೂ ಈಸ್ಟ್ರೊಜೆನ್ ಹಾರ್ಮೋನ್ ಆ ಪದರವನ್ನು ಬೆಳೆಸುತ್ತದೆ. ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಹಾರ್ಮೋನ್ ಅದನ್ನು ಬಿತ್ತನೆಗೆ ಸಿದ್ಧವಾದ ಮಡಿಯಂತೆ ಹದಗೊಳಿಸುತ್ತದೆ. ಗರ್ಭ ನಿಲ್ಲದಿದ್ದರೆ ಎರಡೂ ಹಾರ್ಮೋನುಗಳು ಇಳಿದು, ಪದರ ಕಳಚಿ ಮುಟ್ಟಿನ ರೂಪದಲ್ಲಿ ಹೊರಬರುತ್ತದೆ.

ನಲವತ್ತು ದಾಟಿದ ಮೇಲೆ ಈ ಲೆಕ್ಕ ತಪ್ಪತೊಡಗುತ್ತದೆ. ಕೆಲವು ತಿಂಗಳು ಅಂಡಾಣು ಬಿಡುಗಡೆಯಾಗುವುದೇ ಇಲ್ಲ. ಆಗ ಪದರವನ್ನು ಬೆಳೆಸುವ ಹಾರ್ಮೋನ್ ಇರುತ್ತದೆ, ಹದದಲ್ಲಿಡುವ ಹಾರ್ಮೋನ್ ಇರುವುದಿಲ್ಲ. ಪದರ ಮಿತಿಮೀರಿ ಬೆಳೆದು, ಹೊತ್ತಲ್ಲದ ಹೊತ್ತಿನಲ್ಲಿ ಚೂರುಚೂರಾಗಿ ಕಳಚುತ್ತದೆ. ಎರಡು ತಿಂಗಳು ಮುಟ್ಟಿಲ್ಲ, ಮೂರನೆಯ ತಿಂಗಳು ಇಪ್ಪತ್ತು ದಿನ ನಿಲ್ಲುವುದಿಲ್ಲ ಎಂದು ಹೆಂಗಸರು ಹೇಳುವ ತೊಂದರೆಗೆ ಬಹುಪಾಲು ಕಾರಣ ಇದೇ. ಪಾಲಿಪ್ ಎಂಬ ಪುಟ್ಟ ಮಾಂಸದ ಕುಡಿ, ಫೈಬ್ರಾಯ್ಡ್ ಗಡ್ಡೆ, ಥೈರಾಯ್ಡ್ ದೋಷ ಕೂಡ ಕಾರಣವಾಗಬಹುದು. ಅಪರೂಪಕ್ಕೆ ಕ್ಯಾನ್ಸರ್ ಇರಬಹುದು. ಹೊರಗಿನಿಂದ ನೋಡಿದರೆ ಇವೆಲ್ಲದರ ಲಕ್ಷಣ ಒಂದೇ ಆಗಿರುವುದರಿಂದ ಒಳಪದರದ ಚೂರನ್ನು ತೆಗೆದು ನೋಡುವುದು ಅಗತ್ಯವಾಗುತ್ತದೆ.

ಯಾರಿಗೆ ಬೇಕಾಗುತ್ತದೆ?

ನಲವತ್ತೈದು ದಾಟಿದವರಲ್ಲಿ ಮುಟ್ಟು ಏಳು ದಿನಕ್ಕಿಂತ ಹೆಚ್ಚು ಮುಂದುವರಿದರೆ, ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸುವಷ್ಟು ಹೋಗುತ್ತಿದ್ದರೆ, ನೆಲ್ಲಿಕಾಯಿ ಗಾತ್ರದ ಗಡ್ಡೆಗಳು ಬೀಳುತ್ತಿದ್ದರೆ ವೈದ್ಯರು ಈ ಪರೀಕ್ಷೆಯ ಬಗ್ಗೆ ಯೋಚಿಸುತ್ತಾರೆ. ಅತಿ ತೂಕ, ಸಕ್ಕರೆ ಕಾಯಿಲೆ, ಅಂಡಾಶಯದಲ್ಲಿ ನೀರುಗುಳ್ಳೆಗಳ ತೊಂದರೆ ಇರುವವರಲ್ಲಿ ಅದಕ್ಕಿಂತ ಚಿಕ್ಕ ವಯಸ್ಸಿನಲ್ಲೂ ಬೇಕಾಗಬಹುದು.

ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಅದನ್ನು ಕಡೆಗಣಿಸುವಂತಿಲ್ಲ. ಇಂಥವರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಕಾರಣ ಕ್ಯಾನ್ಸರ್ ಅಲ್ಲ. ಆದರೆ ಉಳಿದ ಒಬ್ಬರು ಯಾರು ಎಂಬುದು ಪರೀಕ್ಷೆಯಿಲ್ಲದೆ ತಿಳಿಯದು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಬೇಗ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ಅಜ್ಜಿ ‘ಈ ವಯಸ್ಸಿನಲ್ಲಿ ಇದನ್ನು ಯಾರಿಗೆ ಹೇಳಲಿ’ ಎಂದು ಆರು ತಿಂಗಳು ಮುಚ್ಚಿಟ್ಟರೆ ಆ ಅನುಕೂಲ ಕೈತಪ್ಪುತ್ತದೆ.

ಮುಂದೂಡುವ ಅಭ್ಯಾಸ ತಾಯಂದಿರಲ್ಲಿ ಇನ್ನೂ ಹೆಚ್ಚು. ‘ಮಗನ ಪಿ.ಯು.ಸಿ. ಪರೀಕ್ಷೆ ಮುಗಿಯಲಿ’, ‘ಮಗಳ ಸಿ.ಇ.ಟಿ. ಆಗಲಿ’ ಎನ್ನುತ್ತ ರಕ್ತಹೀನತೆಯಲ್ಲೇ ದಿನ ದೂಡುತ್ತಾರೆ. ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು, ಬಿಳುಚಿದ ಉಗುರು ಮನೆಯವರ ಕಣ್ಣಿಗೆ ಬೀಳುವುದಿಲ್ಲ. 2019ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ರಕ್ತಸ್ರಾವ ವಿಪರೀತವಾಗಿಲ್ಲದಿದ್ದರೆ, ವೈದ್ಯರನ್ನು ಕೇಳಿ ಶಸ್ತ್ರಕ್ರಿಯೆಯ ದಿನವನ್ನು ಸ್ವಲ್ಪ ಹಿಂದುಮುಂದು ಮಾಡಿಕೊಳ್ಳಬಹುದು. ತಿಂಗಳುಗಟ್ಟಲೆ ಮುಂದೂಡುವುದು ಸಲ್ಲದು. ನಡೆಯುವುದು ಒಂದು ದಿನದ ಕೆಲಸ. ಮನೆಯಲ್ಲಿ ಮೂರು ಮಂದಿ ಕೈಜೋಡಿಸಿದರೆ ಪರೀಕ್ಷೆಯ ಓದೂ ಕೆಡುವುದಿಲ್ಲ.

ಎಲ್ಲರಿಗೂ ಡಿ. ಅಂಡ್ ಸಿ.ಯೇ ಆಗಬೇಕೆಂದಿಲ್ಲ. ಸುಮಾರು ಮೂರು ಮಿಲಿಮೀಟರ್ ದಪ್ಪದ ಮೆತ್ತನೆಯ ಪ್ಲಾಸ್ಟಿಕ್ ನಳಿಕೆಯಿಂದ ಒಳಪದರದ ಚೂರನ್ನು ಹೀರಿ ತೆಗೆಯುವ ವಿಧಾನ 1980ರ ದಶಕದಿಂದ ಬಳಕೆಯಲ್ಲಿದೆ. ಇದಕ್ಕೆ ಅರಿವಳಿಕೆ ಬೇಡ. ಹೊರರೋಗಿ ವಿಭಾಗದಲ್ಲೇ ಕೆಲವು ನಿಮಿಷದಲ್ಲಿ ಮುಗಿಯುತ್ತದೆ. ‘ಅದು ಸಾಲದೇ?’ ಎಂದು ವೈದ್ಯರನ್ನು ಕೇಳುವುದರಲ್ಲಿ ತಪ್ಪಿಲ್ಲ. ಗರ್ಭಸ್ರಾವವಾಗಿ ಒಳಗೆ ಚೂರುಗಳು ಉಳಿದಾಗ ಕೂಡ ಹಿಂದಿನಂತೆ ಲೋಹದ ಚಮಚದಿಂದ ಕೆರೆಯುವ ಬದಲು ಹೀರುಯಂತ್ರ ಅಥವಾ ಮಾತ್ರೆಗಳನ್ನು ಬಳಸುವುದು ಮೇಲೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಹಿಂದಿನ ದಿನದ ಸಿದ್ಧತೆ

ಹಿಮೊಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಮೂತ್ರ ಪರೀಕ್ಷೆ, ಸ್ಕ್ಯಾನಿಂಗ್ ಮೊದಲೇ ಆಗಿರುತ್ತವೆ. ವಯಸ್ಸಾದವರಿಗೆ ಇ.ಸಿ.ಜಿ. ಕೂಡ ಬೇಕಾಗಬಹುದು. ಗರ್ಭಿಣಿಯಲ್ಲ ಎಂದು ಖಚಿತಪಡಿಸಿಕೊಳ್ಳುವ ಪರೀಕ್ಷೆಯನ್ನೂ ಮಾಡುತ್ತಾರೆ. ಅದು ವಾಡಿಕೆಯ ಕ್ರಮ; ಅದರಿಂದ ಮುಜುಗರಪಡಬೇಕಾದ್ದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಮಾತ್ರೆ, ಬಿ.ಪಿ. ಮಾತ್ರೆ ಸೇವಿಸುತ್ತಿದ್ದರೆ ಅವುಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಬೇಕು. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂದು ಅವರೇ ಹೇಳುತ್ತಾರೆ. ತಾವಾಗಿಯೇ ನಿಲ್ಲಿಸುವುದು ಅಪಾಯ. ಯಾವುದಾದರೂ ಔಷಧಿ ಒಗ್ಗದಿದ್ದರೆ ಅದನ್ನೂ ತಿಳಿಸಬೇಕು.

ಅರಿವಳಿಕೆಗೆ ಆರು ಗಂಟೆ ಮೊದಲಿನಿಂದ ಊಟ, ತಿಂಡಿ, ಹಾಲು, ಕಾಫಿ ಯಾವುದೂ ಕೂಡದು. ಬರಿಯ ನೀರನ್ನು ಸಾಮಾನ್ಯವಾಗಿ ಎರಡು ಗಂಟೆ ಮೊದಲಿನವರೆಗೆ ಕುಡಿಯಬಹುದಾದರೂ ಆಸ್ಪತ್ರೆಯವರು ಹೇಳಿದ ಹೊತ್ತನ್ನೇ ಪಾಲಿಸುವುದು ಮೇಲು. ಇದು ಕೇವಲ ಶಿಸ್ತಿನ ಮಾತಲ್ಲ. ಅರಿವಳಿಕೆಯಲ್ಲಿರುವಾಗ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಸಂಚಕಾರ. ‘ಪಾಪ, ಹಸಿದಿರುತ್ತಾಳೆ’ ಎಂದು ಯಾರೂ ಗುಟ್ಟಾಗಿ ಒಂದು ಲೋಟ ಕಾಫಿ ಕೊಡಕೂಡದು.

ಬಳೆ, ಮೂಗುತಿ, ಸರಗಳನ್ನು ಮನೆಯಲ್ಲೇ ತೆಗೆದಿಡಬೇಕು. ಉಗುರುಬಣ್ಣ ಅಳಿಸಬೇಕು, ಆಮ್ಲಜನಕದ ಮಟ್ಟ ತೋರಿಸುವ ಸಾಧನವನ್ನು ಬೆರಳ ತುದಿಗೇ ಸಿಕ್ಕಿಸುತ್ತಾರೆ. ಸಡಿಲ ಉಡುಪು, ಪ್ಯಾಡುಗಳು, ಹಳೆಯ ಸ್ಕ್ಯಾನಿಂಗ್ ವರದಿಗಳು, ಜೊತೆಗೊಬ್ಬರು, ಇಷ್ಟು ಸಾಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಓದಬೇಕು. ಓದಲು ಬಾರದಿದ್ದರೆ ಓದಿಸಿಕೊಳ್ಳಬೇಕು. ಪಿ.ಯು.ಸಿ. ಓದುವ ಮಕ್ಕಳು ಅಮ್ಮನಿಗೆ ಈ ಕೆಲಸ ಮಾಡಿಕೊಡಬಹುದು.

ಒಳಗೆ ನಡೆಯುವುದೇನು?

ಶಸ್ತ್ರಕ್ರಿಯಾ ಕೊಠಡಿಯಲ್ಲಿ ಕೈಗೆ ಸೂಜಿ ಚುಚ್ಚಿ ಔಷಧಿ ಕೊಡುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ನಿದ್ದೆ. ಕೆಲವೊಮ್ಮೆ ಸೊಂಟಕ್ಕೆ ಚುಚ್ಚುಮದ್ದು ಕೊಟ್ಟು ಕೆಳಭಾಗ ಮಾತ್ರ ಮರಗಟ್ಟುವಂತೆ ಮಾಡುವುದೂ ಉಂಟು. ಯೋನಿಮಾರ್ಗದ ಮೂಲಕ ಗರ್ಭಕೋಶದ ಕೊರಳನ್ನು ತಲುಪಿ, ಒಂದಕ್ಕಿಂತ ಒಂದು ತುಸು ದಪ್ಪನಾದ ನಯವಾದ ಸಲಾಕೆಗಳಿಂದ ಅದನ್ನು ಮೆಲ್ಲನೆ ಅಗಲಿಸುತ್ತಾರೆ. ಬಳಿಕ ಉದ್ದ ಹಿಡಿಯ ಪುಟ್ಟ ಚಮಚದಂಥ ‘ಕ್ಯೂರೆಟ್’ನಿಂದ ಒಳಪದರವನ್ನು ಕೆರೆದು, ಚೂರುಗಳನ್ನು ಫಾರ್ಮಲಿನ್ ದ್ರವದ ಸೀಸೆಗೆ ಹಾಕುತ್ತಾರೆ. ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಕೆರೆದ ಪದರ ತಿಂಗಳ ಚಕ್ರದಲ್ಲಿ ಮತ್ತೆ ತಾನಾಗಿ ಬೆಳೆಯುತ್ತದೆ.

ಈ ಚಮಚ ಬಹಳ ಹಳೆಯದು. ಫ್ರಾನ್ಸಿನ ವೈದ್ಯ ಜೋಸೆಫ್ ರೆಕಾಮಿಯೆ 1840ರ ದಶಕದಲ್ಲೇ ಅದನ್ನು ಬಳಕೆಗೆ ತಂದ. ಅದರ ಕೊರತೆಯೆಂದರೆ ಕುರುಡುತನ. ವೈದ್ಯರ ಕೈಗೆ ತಿಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. 1975ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತೆಗೆದ ಗರ್ಭಕೋಶಗಳನ್ನು ಬಿಡಿಸಿ ನೋಡಿದಾಗ ನೂರಕ್ಕೆ ಅರವತ್ತರಷ್ಟರಲ್ಲಿ ಒಳಮೈಯ ಅರ್ಧಭಾಗಕ್ಕೂ ಚಮಚ ತಾಗಿರಲಿಲ್ಲ. ಮೂಲೆಯಲ್ಲಿ ಅವಿತ ಪಾಲಿಪ್ ಹೀಗೆ ತಪ್ಪಿಸಿಕೊಳ್ಳಬಹುದು.

ಅದಕ್ಕಾಗಿಯೇ ಈಗ ಹಿಸ್ಟರೊಸ್ಕೋಪಿ ಹೆಚ್ಚು ಬಳಕೆಗೆ ಬಂದಿದೆ. ಪೆನ್ಸಿಲಿಗಿಂತ ತೆಳುವಾದ ದುರ್ಬೀನನ್ನು ಒಳಗೆ ಕಳುಹಿಸಿ, ಉಪ್ಪುನೀರಿನಿಂದ ಗರ್ಭಕೋಶವನ್ನು ತುಸು ಉಬ್ಬಿಸಿ, ಒಳಮೈಯನ್ನು ಪರದೆಯ ಮೇಲೆ ನೋಡುತ್ತಾರೆ. ಪಾಲಿಪ್ ಕಂಡರೆ ನೋಡುತ್ತಲೇ ಕತ್ತರಿಸಬಹುದು. ಇದರ ಕಲ್ಪನೆಯೂ ಹೊಸತಲ್ಲ. ಮುಟ್ಟು ನಿಂತ ಮೇಲೆ ರಕ್ತಸ್ರಾವವಾಗುತ್ತಿದ್ದ ಅರವತ್ತು ವರ್ಷದ ಮಹಿಳೆಯ ಗರ್ಭಕೋಶದೊಳಗೆ ಪ್ಯಾಂಟಲಿಯೋನಿ ಎಂಬ ವೈದ್ಯ ಕೊಳವೆಯಿಂದ ಇಣುಕಿ ಪಾಲಿಪ್ ಕಂಡದ್ದು 1869ರಲ್ಲಿ. ಬೆಳಕು ಮತ್ತು ಕ್ಯಾಮೆರಾ ಸುಧಾರಿಸಿದ ಮೇಲೆ ಅದು ಎಲ್ಲರಿಗೂ ಎಟುಕುವಂತಾಯಿತು. ರೋಗಿಯ ಪಾಲಿಗೆ ಸಿದ್ಧತೆ, ವಿಶ್ರಾಂತಿ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಕ್ರಮ.

ಅಪಾಯವೇ ಇಲ್ಲವೇ? ಇದೆ, ಆದರೆ ವಿರಳ. ಸೋಂಕು, ಹೆಚ್ಚಿನ ರಕ್ತಸ್ರಾವ, ಕೊರಳಿಗೆ ಗಾಯ ಆಗಬಹುದು. ಸಲಾಕೆ ತಾಗಿ ಗರ್ಭಕೋಶದ ಗೋಡೆಗೆ ರಂಧ್ರವಾಗುವುದು ಸಾಮಾನ್ಯವಾಗಿ ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಆದರೂ ಹೆಚ್ಚಿನ ಸಂದರ್ಭಗಳಲ್ಲಿ ತಾನಾಗಿ ಮಾಯುತ್ತದೆ. ಅತಿಯಾಗಿ ಕೆರೆದರೆ, ಅದರಲ್ಲೂ ಹೆರಿಗೆ ಅಥವಾ ಗರ್ಭಸ್ರಾವದ ನಂತರ ಪದೇ ಪದೇ ಕೆರೆದರೆ, ಒಳಗೋಡೆಗಳು ಅಂಟಿಕೊಂಡು ಮುಟ್ಟು ಕಡಿಮೆಯಾಗುವುದು, ಗರ್ಭ ನಿಲ್ಲದಿರುವುದು ಉಂಟು. 1948ರಲ್ಲಿ ಇದನ್ನು ವಿವರಿಸಿದ ಜೋಸೆಫ್ ಆಶರ್‌ಮನ್ ಹೆಸರಿನಿಂದಲೇ ಈ ತೊಂದರೆಯನ್ನು ಕರೆಯುತ್ತಾರೆ. ಮುಂದೆ ಮಕ್ಕಳು ಬೇಕೆನ್ನುವವರು ಈ ಮಾತನ್ನು ಮೊದಲೇ ವೈದ್ಯರ ಗಮನಕ್ಕೆ ತರಬೇಕು.

ಮನೆಗೆ ಬಂದ ಮೇಲೆ

ಎಚ್ಚರವಾದ ಕೆಲವು ಗಂಟೆಗಳ ನಂತರ, ಮೂತ್ರ ಸರಾಗವಾಗಿ ಹೋಗಿ, ತಲೆಸುತ್ತು ಇಲ್ಲವೆಂದಾದರೆ ಅದೇ ದಿನ ಮನೆಗೆ ಕಳುಹಿಸುತ್ತಾರೆ. ಅರಿವಳಿಕೆಯ ಮಂಪರು ಪೂರ್ತಿ ಇಳಿಯಲು ಒಂದು ದಿನ ಬೇಕು. ಆ 24 ಗಂಟೆ ಸ್ಕೂಟರ್ ಓಡಿಸುವುದು, ಒಬ್ಬರೇ ಬಸ್ಸಿನಲ್ಲಿ ಹೋಗುವುದು, ಹಣಕಾಸಿನ ಪತ್ರಗಳಿಗೆ ಸಹಿ ಹಾಕುವುದು ಬೇಡ.

ಮೊದಲ ಒಂದೆರಡು ದಿನ ಮುಟ್ಟಿನ ನೋವಿನಂತೆ ಕಿಬ್ಬೊಟ್ಟೆ ಹಿಡಿದುಕೊಳ್ಳುತ್ತದೆ. ವೈದ್ಯರು ಬರೆದುಕೊಟ್ಟ ನೋವಿನ ಮಾತ್ರೆ, ಬಿಸಿನೀರಿನ ಚೀಲ ಸಾಕು. ಕೆಲವು ದಿನ, ಕೆಲವರಿಗೆ ಎರಡು ವಾರದವರೆಗೆ, ಅಲ್ಪಸ್ವಲ್ಪ ರಕ್ತ ಅಥವಾ ಕಂದು ಸ್ರಾವ ಹೋಗುತ್ತದೆ. ಇದಕ್ಕೆ ಪ್ಯಾಡನ್ನೇ ಬಳಸಬೇಕು, ಒಳಗಿಡುವ ಕಪ್ ಬೇಡ. ಸ್ರಾವ ನಿಲ್ಲುವವರೆಗೆ, ಸಾಮಾನ್ಯವಾಗಿ ಒಂದರಿಂದ ಎರಡು ವಾರ, ಕೆರೆ-ಈಜುಕೊಳದ ಸ್ನಾನ ಮತ್ತು ದಾಂಪತ್ಯ ಸಂಪರ್ಕ ಬೇಡ. ಮನೆಯಲ್ಲಿ ಬಿಸಿನೀರು ಸುರಿದುಕೊಂಡು ಸ್ನಾನ ಮಾಡಲು ಅಡ್ಡಿಯಿಲ್ಲ. ಮುಂದಿನ ಮುಟ್ಟು ಸ್ವಲ್ಪ ಬೇಗ ಅಥವಾ ತಡವಾಗಿ ಬರಬಹುದು.

ಬಾಣಂತಿಯಂತೆ ಪಥ್ಯ ಮಾಡಿಸುವುದು, ನೀರು ಕೊಡದಿರುವುದು, ತಲೆಗೆ ಬಟ್ಟೆ ಕಟ್ಟಿ ಕತ್ತಲಕೋಣೆಯಲ್ಲಿ ಮಲಗಿಸುವುದು ಅನಗತ್ಯ. ಮೊದಲ ದಿನ ಗಂಜಿ, ಇಡ್ಲಿಯಂಥ ಹಗುರ ಆಹಾರ. ಮರುದಿನದಿಂದ ಎಂದಿನ ಊಟ. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಚಹಾ, ಹಾಲಿನೊಂದಿಗೆ ನುಂಗಿದರೆ ಅದು ಮೈಗೆ ಹತ್ತುವುದು ಕಡಿಮೆ. ನಿಂಬೆ ಪಾನಕದೊಂದಿಗೆ ಒಳ್ಳೆಯದು. ಹೆಚ್ಚಿನವರು ಎರಡು-ಮೂರು ದಿನದಲ್ಲಿ ಕೆಲಸಕ್ಕೆ ಮರಳಬಲ್ಲರು. ಅಷ್ಟು ದಿನವಾದರೂ ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಒದ್ದೆ ಬಟ್ಟೆಯ ಬಕೆಟ್ ಎತ್ತುವುದು ಮಕ್ಕಳ ಪಾಲಿಗೆ ಬರಲಿ. ಅನ್ನ, ಸಾರು ಮಾಡುವುದು ಹುಡುಗರಿಗೂ ಕಷ್ಟದ ವಿದ್ಯೆಯಲ್ಲ.

ಈ ಲಕ್ಷಣಗಳು ಕಂಡರೆ ಬೆಳಗಾಗಲಿ ಎಂದು ಕಾಯಬಾರದು: ಒಂದು ಗಂಟೆಗೊಂದು ಪ್ಯಾಡ್ ತೊಯ್ದು ಎರಡು ಗಂಟೆಯಾದರೂ ನಿಲ್ಲದ ರಕ್ತಸ್ರಾವ, 100.4 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ ಅಥವಾ ಚಳಿ, ದುರ್ವಾಸನೆಯ ಸ್ರಾವ, ಮಾತ್ರೆಗೂ ಬಗ್ಗದೆ ಏರುತ್ತ ಹೋಗುವ ಹೊಟ್ಟೆನೋವು, ಹೊಟ್ಟೆ ಉಬ್ಬರ, ನಿಲ್ಲದ ವಾಂತಿ, ಕಣ್ಣು ಕತ್ತಲೆ ಬಂದು ಬೀಳುವುದು. ಎಂಟು ವಾರವಾದರೂ ಮುಟ್ಟು ಬಾರದಿದ್ದರೆ, ಮುಟ್ಟು ನಿಲ್ಲುವ ವಯಸ್ಸಾಗಿಲ್ಲದವರು ಅದನ್ನೂ ತಿಳಿಸಬೇಕು.

ಆ ಒಂದು ಹಾಳೆ

ರಕ್ತ ನಿಂತಿತು, ಅಮ್ಮ ಓಡಾಡುತ್ತಿದ್ದಾರೆ, ಇನ್ನೇನು ಎಂದು ವರದಿ ತರದೆ ಸುಮ್ಮನಾಗುವವರು ಕಡಿಮೆಯಿಲ್ಲ. ಡಿ. ಅಂಡ್ ಸಿ. ನಂತರ ಒಂದೆರಡು ತಿಂಗಳು ರಕ್ತಸ್ರಾವ ಕಡಿಮೆಯಾಗುವುದು ಸಹಜ. ಅದು ಗುಣವಾಯಿತೆಂಬ ಸೂಚನೆಯಲ್ಲ. ಮೂಲ ಕಾರಣಕ್ಕೆ ಚಿಕಿತ್ಸೆಯಾಗದಿದ್ದರೆ ತೊಂದರೆ ಮರಳುತ್ತದೆ.

ವರದಿಯ ಭಾಷೆ ಗಾಬರಿ ಹುಟ್ಟಿಸಬಹುದು. ‘ಪ್ರೊಲಿಫರೇಟಿವ್’, ‘ಸೆಕ್ರೀಟರಿ’ ಎಂದಿದ್ದರೆ ಅವು ತಿಂಗಳ ಚಕ್ರದ ಸಹಜ ಹಂತಗಳ ಹೆಸರುಗಳು. ‘ಅಟ್ರೋಫಿಕ್’ ಎಂದರೆ ವಯಸ್ಸಿಗೆ ತಕ್ಕಂತೆ ಪದರ ತೆಳುವಾಗಿದೆ ಎಂದರ್ಥ. ‘ಹೈಪರ್‌ಪ್ಲಾಸಿಯಾ’ ಎಂದರೆ ಪದರ ಅತಿಯಾಗಿ ಬೆಳೆದಿದೆ. ಅದರ ಮುಂದೆ ‘ಎಟಿಪಿಯಾ ಇಲ್ಲ’ ಎಂದಿದ್ದರೆ ಜೀವಕೋಶಗಳ ಸ್ವರೂಪ ಕೆಟ್ಟಿಲ್ಲ. ಪ್ರೊಜೆಸ್ಟರಾನ್ ಜಾತಿಯ ಮಾತ್ರೆ ಅಥವಾ ಆ ಹಾರ್ಮೋನ್ ಸವರಿದ ವಂಕಿಯಿಂದ ಹೆಚ್ಚಿನವರಲ್ಲಿ ಸರಿಹೋಗುತ್ತದೆ. ‘ಎಟಿಪಿಯಾ ಇದೆ’ ಎಂದಿದ್ದರೆ ತಡಮಾಡದೆ ಮುಂದಿನ ಚಿಕಿತ್ಸೆ ಆಗಬೇಕು. ನಮ್ಮ ದೇಶದಲ್ಲಿ ಗರ್ಭಕೋಶದ ಕ್ಷಯ ಕೂಡ ಆಗೊಮ್ಮೆ ಈಗೊಮ್ಮೆ ಹೀಗೇ ಪತ್ತೆಯಾಗುತ್ತದೆ, ಅದಕ್ಕೆ ಮಾತ್ರೆಗಳಿವೆ.

ವರದಿ ಬರುವ ಮೊದಲೇ ‘ಗರ್ಭಕೋಶ ತೆಗೆಸಿಬಿಡಿ, ಮಕ್ಕಳಾಗಿವೆಯಲ್ಲ’ ಎಂಬ ಸಲಹೆ ಬಂದರೆ ಅಲ್ಲಿ ನಿಂತು ಯೋಚಿಸಬೇಕು. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಂಗಸರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ದೂರುಗಳು 2015ರ ಸುಮಾರಿಗೆ ರಾಜ್ಯದಲ್ಲೆಲ್ಲ ಸುದ್ದಿಯಾಗಿದ್ದವು. ಇಂಥ ಶಸ್ತ್ರಕ್ರಿಯೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೆ ಆದೇಶಿಸಿತು. ಗರ್ಭಕೋಶ ತೆಗೆಯಲೇಬೇಕಾದ ಸಂದರ್ಭಗಳು ಖಂಡಿತ ಇವೆ. ಆದರೆ ಅದು ದೊಡ್ಡ ಶಸ್ತ್ರಕ್ರಿಯೆ. ಅಂಡಾಶಯಗಳನ್ನೂ ಜೊತೆಗೆ ತೆಗೆದರೆ ಮುಟ್ಟು ನಿಲ್ಲುವ ತೊಂದರೆಗಳು ಒಮ್ಮೆಲೇ ಎರಗಿ, ಮೂಳೆ ಸವೆತ ಬೇಗ ಶುರುವಾಗುತ್ತದೆ. ವರದಿಯನ್ನು ಹಿಡಿದು ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿ ಗೋಷನ್ ಮೊದಲಾದ ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡನೆಯ ಅಭಿಪ್ರಾಯ ಪಡೆಯಬಹುದು.

ಹುಡುಗಿಯರಿಗೆ ಒಂದು ಮಾತು

ಮೈನೆರೆದ ಮೊದಲ ಎರಡು ಮೂರು ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ. ವಿಪರೀತ ರಕ್ತಸ್ರಾವವಾದರೂ ಈ ವಯಸ್ಸಿನಲ್ಲಿ ಡಿ. ಅಂಡ್ ಸಿ. ಬೇಕಾಗುವುದು ತೀರಾ ಅಪರೂಪ. ಮಾತ್ರೆಗಳಿಂದಲೇ ಹತೋಟಿಗೆ ಬರುತ್ತದೆ. ಆದ್ದರಿಂದ ‘ಏನೋ ಆಪರೇಷನ್ ಮಾಡಿಬಿಡುತ್ತಾರೆ, ನಾಳೆ ಮದುವೆಗೆ ತೊಂದರೆಯಾದೀತು’ ಎಂದು ತಾಯಂದಿರು ಮಗಳನ್ನು ವೈದ್ಯರಿಗೆ ತೋರಿಸದೆ ಇರಬಾರದು. ಮೊದಲ ಮುಟ್ಟಿನಿಂದಲೇ ವಿಪರೀತ ಹೋಗುತ್ತಿದ್ದರೆ, ವಸಡು ಅಥವಾ ಮೂಗಿನಿಂದಲೂ ರಕ್ತ ಬರುತ್ತಿದ್ದರೆ, ರಕ್ತ ಹೆಪ್ಪುಗಟ್ಟುವಿಕೆಯ ದೋಷವಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಮುಟ್ಟಿನ ತಾರೀಖು, ಎಷ್ಟು ದಿನ, ದಿನಕ್ಕೆಷ್ಟು ಪ್ಯಾಡ್ ಎಂದು ನೋಟುಪುಸ್ತಕದ ಕೊನೆಯ ಪುಟದಲ್ಲಿ ಗುರುತು ಹಾಕಿಕೊಳ್ಳುವ ಅಭ್ಯಾಸ ಮಗಳಿಗೂ ಒಳ್ಳೆಯದು, ತಾಯಿಗೂ ಒಳ್ಳೆಯದು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

• ಯಾವ ಕಾರಣವನ್ನು ಪತ್ತೆಹಚ್ಚಲು ಈ ಶಸ್ತ್ರಕ್ರಿಯೆ? ಮಾತ್ರೆಯಿಂದ ಅಥವಾ ಹೊರರೋಗಿ ವಿಭಾಗದ ಪರೀಕ್ಷೆಯಿಂದ ಆಗದೇ?

• ಬರಿಯ ಡಿ. ಅಂಡ್ ಸಿ.ಯೋ, ದುರ್ಬೀನಿನಿಂದ ನೋಡುತ್ತೀರೋ?

• ಅರಿವಳಿಕೆ ಯಾವ ಬಗೆಯದು? ಎಷ್ಟು ಹೊತ್ತಿನಿಂದ ಉಪವಾಸ? ದಿನನಿತ್ಯದ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು?

• ಒಟ್ಟು ಖರ್ಚೆಷ್ಟು? ಪ್ರಯೋಗಾಲಯದ ಶುಲ್ಕ ಅದರಲ್ಲಿ ಸೇರಿದೆಯೇ?

• ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?

• ತೆಗೆದ ಚೂರನ್ನು ಯಾವ ಪ್ರಯೋಗಾಲಯಕ್ಕೆ ಕಳುಹಿಸುತ್ತೀರಿ, ವರದಿ ಯಾವ ದಿನ ಬರುತ್ತದೆ? ಆ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ವರದಿ ತರುವ ಹೊಣೆಯನ್ನು ಮನೆಯಲ್ಲಿ ಒಬ್ಬರು ವಹಿಸಿಕೊಳ್ಳಬೇಕು.